ಮಗಳ ನಂಬರಿಗೆ ಬಂದ ಮೆಸೇಜು

ಬೆಳಕು ಹರಿಯುವ ಮುಂಚೆ ಸುಕನ್ಯ ಸಂಪಿನ ಮೋಟಾರ್ ಹಾಕಬೇಕು; ಮೇಲಿನ ಮೂರು ಬಾಡಿಗೆ ಮನೆಗಳಿಗೆ ನೀರು ಏರಬೇಕು. ಹಾಸಿಗೆ ಹಿಡಿದಿರುವ ಅತ್ತೆ ಬೈರಮ್ಮನ ಪ್ಯಾಡ್ ಬದಲಿಸಿ, ಬೆನ್ನಿಗೆ ಪೌಡರ್ ಹಾಕಿ, ಮಗ್ಗುಲು ತಿರುಗಿಸಿ ಮಲಗಿಸಬೇಕು. ಅಂಬಲಿ ಕಾಯಿಸಬೇಕು. ಬಾಗಿಲಿಗೆ ನೀರು, ರಂಗೋಲಿ. ಗಂಡ ಮುನೀಂದ್ರನಿಗೆ ಚಪಾತಿ. ಮಗಳು ರಮ್ಯಳ ಡಬ್ಬಿಗೆ ಚಿತ್ರಾನ್ನವೋ ಪುಳಿಯೋಗರೆಯೋ. ಅವಳು ಚಪಾತಿ ಒಯ್ಯುವುದಿಲ್ಲ. ನಡುವೆ, ಕುಕ್ಕರ್ ಕೂಗುವವರೆಗೆ, ಅರ್ಥಶಾಸ್ತ್ರದ ಎರಡು ಪುಟ.

ಹಾಗೆ ಎರಡೆರಡು ಪುಟ ಓದಿಯೇ ಕಗ್ಗದಾಸಪುರದ ಈ ಸೊಸೆ ನಲವತ್ತೊಂದನೆಯ ವಯಸ್ಸಿನಲ್ಲಿ ಪಿಯುಸಿ ಪಾಸಾದಳು. ಪಾಠ ಹೇಳಿಕೊಟ್ಟವಳು ರಮ್ಯ. ಸಂಜೆ ಕಾಲೇಜಿನ ಬಿ.ಎ.ಗೆ ಆನ್‌ಲೈನಿನಲ್ಲಿ ಅರ್ಜಿ ತುಂಬಿದವಳೂ ಅವಳೇ.

"ನಿನ್ ಫೋನ್ ಡಬ್ಬಾ ಅಮ್ಮ, ನನ್ ನಂಬರ್ ಹಾಕ್ತೀನಿ" ಅಂದಿದ್ದಳು.

ಮಂಚದಿಂದ ಬೈರಮ್ಮ, "ಡಿಗ್ರಿ ಆದ್ಮೇಲೆ ನಂಗೆ ಇಂಗ್ಲೀಷಲ್ಲಿ ಅಂಬ್ಲಿ ಕುಡಿಸ್ತೀಯೇನೇ?" ಎಂದು ನಕ್ಕಿದ್ದಳು.

ಹಲಸೂರಿನಲ್ಲಿ ನೂರ್ಜಹಾನ್ ಮಿಸ್ ಪ್ರತಿ ಗುರುವಾರ, ತಡವಾಗಿ ಕಾಲೇಜು ಸೇರುವ ಹೆಂಗಸರನ್ನು ಕೂರಿಸಿಕೊಂಡು ನೋಟ್ಸ್ ಬರೆಯುವುದನ್ನು, ತರಗತಿಯಲ್ಲಿ ಕೈಯೆತ್ತಿ ಪ್ರಶ್ನೆ ಕೇಳುವುದನ್ನು ಕಲಿಸುತ್ತಿದ್ದರು. ಅರ್ಜಿ ಹಾಕಿದ ಮೇಲೆ ಒಂದು ಗುರುವಾರ ಅಲ್ಲಿಗೆ ಹೋದಾಗ ಉಳಿದ ಐವರೂ ದಾಖಲೆ ತೋರಿಸಿ ಸೀಟು ಪಡೆದು ಬಂದಿದ್ದರು. ಸುಕನ್ಯಳಿಗೆ ಕರೆಯೇ ಬಂದಿರಲಿಲ್ಲ. ಮಿಸ್ ಕಾಲೇಜಿಗೆ ಫೋನ್ ಮಾಡಿದರು.

"ಮಂಗಳವಾರ ಬನ್ನಿ ಅಂತ ನಿಮ್ಗೂ ಮೆಸೇಜ್ ಹಾಕಿದ್ರಂತೆ ಸುಕನ್ಯ. ನೀವು ಹೋಗಿಲ್ಲ ಅಂತ ಸೀಟು ಬೇರೆಯವರಿಗೆ ಕೊಟ್ಬಿಟ್ಟಿದ್ದಾರೆ. ಉಳಿದಿರೋ ಸೀಟಿಗೆ ಶನಿವಾರ ಕೊನೇ ಸಲ ಕರೀತಾರೆ. ನೀವೇ ಹೋಗಿ. ನಂಬರೂ ನಿಮ್ದೇ ಕೊಡಿ."

ಮನೆಗೆ ಬಂದು ಮೆಸೇಜಿನ ಬಗ್ಗೆ ಕೇಳಿದಾಗ ರಮ್ಯ ಸುಳ್ಳು ಹೇಳಲಿಲ್ಲ.

"ಬಂದಿತ್ತು. ಅಪ್ಪಂಗೆ ತೋರಿಸ್ದೆ. ಸುಮ್ನಿರು, ಅವಳಿಗೇ ಮರ್ತೋಗತ್ತೆ ಅಂದ್ರು."

"ನೀನ್ಯಾಕೆ ಸುಮ್ನಿದ್ದೆ?"

"ಸಂಜೆ ಆರು ಗಂಟೆಗೆ ಅಜ್ಜಿ ಪ್ಯಾಡ್ ಯಾರು ಚೇಂಜ್ ಮಾಡ್ತಾರಮ್ಮ? ಅಪ್ಪನಾ? ನನ್ ತಲೆ ಮೇಲೆ ತಾನೇ ಬರೋದು? ನಂದು ಫೈನಲ್ ಇಯರ್."

"ಮತ್ತೆ ಅಷ್ಟು ದಿನ ಕೂತ್ಕೊಂಡು ಯಾಕೆ ಹೇಳ್ಕೊಟ್ಟೆ?"

ರಮ್ಯ ಫೋನಿನ ಕವರನ್ನು ತೆಗೆದು ಮತ್ತೆ ಹಾಕಿದಳು. "ಪಾಸಾಗ್ತೀಯ ಅನ್ಕೊಂಡಿರ್ಲಿಲ್ಲ."

ಗಂಡನ ಮಾತು ಸುಕನ್ಯಳಿಗೆ ಹೊಸದಲ್ಲ. ಇಪ್ಪತ್ತೆರಡು ವರ್ಷ ಕೇಳಿದ ಮಾತು. ಮಗಳದ್ದನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಒಣಗಿದ ಬಟ್ಟೆ ಮಡಚಲು ಕುಳಿತಳು. ರಮ್ಯಳ ಕುರ್ತಾಗಳನ್ನೂ ಎಂದಿನಂತೆ ತೋಳು ಒಳಕ್ಕೆ ಮಡಿಸಿಯೇ ಇಟ್ಟಳು. ಕೈಗೆ ಇನ್ನೂ ವಿಷಯ ತಿಳಿದಂತಿರಲಿಲ್ಲ.

ಶನಿವಾರವೂ ಮೋಟಾರ್, ಪ್ಯಾಡ್, ಅಂಬಲಿ, ಡಬ್ಬಿ ಎಲ್ಲ ಮುಗಿಸಿಯೇ ಅವಳು ಬಸ್ಸು ಹತ್ತಿದಳು. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕಾಲೇಜಿನ ಕೌಂಟರಿನಲ್ಲಿದ್ದವನು ಅಂಕಪಟ್ಟಿ ನೋಡಿ ಒಂದು ಫಾರಂ ಕೊಟ್ಟ. "ಸಂಜೆ ಬ್ಯಾಚಲ್ಲಿ ಎರಡೇ ಸೀಟಿರೋದು. ದಿನಾ ಐದೂವರೆಯಿಂದ ಎಂಟೂವರೆ. ಈ ವರ್ಷ ಭಾನುವಾರದ ಬ್ಯಾಚೂ ಇದೆ ಮೇಡಂ, ಸಂಸಾರಸ್ಥರೆಲ್ಲ ಅದನ್ನೇ ತಗೊಳ್ತಿದ್ದಾರೆ. ಬೇಕಾದ್ರೆ ಮನೇಲಿ ಒಂದ್ಮಾತು ಕೇಳ್ಕೊಳಿ."

ಭಾನುವಾರವಾದರೆ ಮನೆಯಲ್ಲಿ ಯಾರ ಹೊತ್ತೂ ಏರುಪೇರಾಗುವುದಿಲ್ಲ. ಅದೇ ಡಿಗ್ರಿ, ಅದೇ ಪುಸ್ತಕ. ಸಂಜೆಯದಾದರೆ ನಾಳಿದ್ದಿನಿಂದ ಆರು ಗಂಟೆಗೆ ಬೈರಮ್ಮ ಕೂಗಿದಾಗ ಓಗೊಡಬೇಕಾದವಳು ರಮ್ಯ. ಅವಳ ಫೈನಲ್ ಇಯರ್.

ಸುಕನ್ಯ ಪೆನ್ನು ಕೇಳಿ ಪಡೆದಳು. ಮೊದಲು ತನ್ನ ಮೊಬೈಲ್ ನಂಬರ್ ಬರೆದಳು. ಅವಳ ಕೈ ಭಾನುವಾರದ ಚೌಕದ ಹತ್ತಿರ ಒಂದು ಗಳಿಗೆ ನಿಂತಿತು. ಆಮೇಲೆ ಅವಳು ಸಂಜೆಯದಕ್ಕೆ ಗುರುತು ಹಾಕಿ ಫಾರಮ್ಮನ್ನು ಒಳಕ್ಕೆ ತಳ್ಳಿದಳು.