ಒಂದು ದಂಟು ಸೇವಂತಿಗೆ

ಯಜಮಾನರು ತೀರಿಕೊಂಡ ಮೇಲೆ ಕುಷ್ಟಗಿಯಲ್ಲಿ ನನ್ನ ಜೊತೆ ಜಗಳಾಡುವವರೇ ಇಲ್ಲದಂತಾಯಿತು. ಓಣಿಯವರು ಮೆತ್ತಗೆ ಮಾತಾಡತೊಡಗಿದರು. ಸಾಲೆಯಲ್ಲಿ ಹೆಡ್‌ಮಾಸ್ತರರು ನನ್ನ ರಜೆ ಚೀಟಿಗೆ ತಕರಾರಿಲ್ಲದೆ ಸಹಿ ಹಾಕತೊಡಗಿದರು. ಅದನ್ನೆಲ್ಲ ಹೇಗೋ ತಡೆದುಕೊಂಡೆ. ತಡೆಯಲಾಗದೆ ಹೋದದ್ದು ಹೂಗಾರ ಮುದುಕಿ ತೋರಿಸಿದ ಮರ್ಯಾದೆಯನ್ನು.

ಮೊದಲು ಹಾಗಿರಲಿಲ್ಲ. ದಿನಾ ಮುಂಜಾನೆ ಬುಟ್ಟಿಯನ್ನು ನಮ್ಮ ಕಟ್ಟೆಯ ಮೇಲೆ ಇಳಿಸಿ ಮೊಣಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆ ಅಳೆಯುತ್ತಿದ್ದಳು. ಅವಳ ಮೊಳ ತಿಂಗಳಿಗೊಂದು ಬೆರಳು ಸವೆಯುತ್ತಿತ್ತು. ನಾನು ಕೇಳಿದರೆ, "ಅಕ್ಕೋರ, ಅಳತಿ ಪಾಠ ಸಾಲ್ಯಾಗ ಹುಡುಗರಿಗೆ ಮಾಡ್ರಿ, ನನಗ ಬ್ಯಾಡ" ಅನ್ನುತ್ತಿದ್ದಳು. ಮಾತಿಗೆ ಮಾತು ಬೆಳೆದು ಒಲೆಯ ಮೇಲಿನ ಹಾಲು ಎಷ್ಟೋ ಸಲ ಉಕ್ಕಿದ್ದುಂಟು. ಯಜಮಾನರು ಹೋದ ಮೇಲೆ ಮಲ್ಲಿಗೆ ನಿಂತಿತು, ಅದು ನಮ್ಮ ಕಡೆಯ ರೂಢಿ. ಮುದುಕಿ ದೇವರಿಗೆಂದು ಎಲೆಯಲ್ಲಿ ಕಟ್ಟಿದ ನಾಲ್ಕು ಹೂ ಕಟ್ಟೆಯ ಮೇಲಿಟ್ಟು, ನನ್ನ ಮುಖ ನೋಡದೆ ಮುಂದೆ ಹೋಗಿಬಿಡುತ್ತಿದ್ದಳು. ಮುಡಿಯುವ ಹುಚ್ಚು ನನಗೆ ಎಂದೂ ಇರಲಿಲ್ಲ, ಮಲ್ಲಿಗೆ ವಾಸನೆಗೆ ತಲೆ ನೋಯುತ್ತಿತ್ತು. ನನಗೆ ಬೇಕಾಗಿದ್ದು ಆ ಜಗಳ. ಅದನ್ನು ಬಾಯಿಬಿಟ್ಟು ಕೇಳುವುದಾದರೂ ಹೇಗೆ?

ಹಾಗೆ ಎರಡು ವರ್ಷ ಕಳೆಯಿತು. ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಅಲ್ಲಿಗೆ ವರ್ಗವಾಗಿ ಬಂದಿದ್ದ ಅಧಿಕಾರಿಯೊಬ್ಬರ ಹೆಂಡತಿ ಇಕೆಬಾನಾ ಎಂಬ ಜಪಾನಿನ ಹೂ ಜೋಡಿಸುವ ವಿದ್ಯೆ ಬಲ್ಲವರು. ಫಲಪುಷ್ಪ ಪ್ರದರ್ಶನಕ್ಕೆ ಪ್ರತಿ ತಾಲ್ಲೂಕಿನಿಂದಲೂ ಒಬ್ಬ ಶಿಕ್ಷಕಿ ಕಲಿತು ಬರಲಿ ಎಂದು ಹುಕುಂ ಬಂತು. "ನೀವ ಹೋಗ್ರಿ ಅಕ್ಕೋರ, ಮನಸ್ಸು ಹಗುರಾಗ್ತದ" ಎಂದು ಹೆಡ್‌ಮಾಸ್ತರರು ನನ್ನ ಹೆಸರು ಬರೆದರು. ನಾಲ್ಕಾರು ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದೆ. ಮೂರು ದಂಟು ಸಾಕು ಎಂದರು ನಾವೆಲ್ಲ ಬಾಯಿಯವರು ಎಂದು ಕರೆಯುತ್ತಿದ್ದ ಆ ಹೆಂಗಸು: ಉದ್ದನೆಯದು ಆಕಾಶ, ನಡುವಿನದು ಮನುಷ್ಯ, ಗಿಡ್ಡದು ಭೂಮಿ. ಉಳಿದ ಜಾಗ ಖಾಲಿ ಬಿಡಬೇಕು. ನನಗೆ ಖುಷಿಯಾಯಿತು. ಖಾಲಿ ಬಿಡುವುದು ಮಳೆ ಕಾಣದ ನಮ್ಮ ಕುಷ್ಟಗಿ ಸೀಮೆಗೆ ಹೊಸ ವಿದ್ಯೆಯೇನಲ್ಲ.

ದಂಟು ನಿಲ್ಲಿಸಲು ಬಡಿಗನ ಕಡೆಯಿಂದ ಹಲಗೆಗೆ ಮೊಳೆ ಹೊಡೆಸಿಕೊಂಡು ಬಂದೆ. ಮನೆಯಲ್ಲಿ ಅತ್ತೆ ಅದನ್ನು ತಿರುವಿ ಮುರುವಿ ನೋಡಿದರು.

"ಮುಡಿಯಾಕಲ್ಲ, ದೇವರಿಗಲ್ಲ. ಮತ್ತ ಯಾತಕ್ಕ?"

"ನೋಡಾಕ್ರಿ ಅತ್ತಿ."

"ನೋಡಾಕ ಗಿಡದಾಗಿದ್ರ ಸಾಲದ?"

ಅತ್ತೆಗೆ ಗಂಡ ಸತ್ತವರ ಕಟ್ಟಳೆಗಳೆಲ್ಲ ಬಾಯಿಪಾಠ. ಆದರೆ ಜಪಾನಿನ ಹೂವಿನ ವಿಷಯದಲ್ಲಿ ಯಾವ ಹಿರಿಯರೂ ಅವರಿಗೆ ಏನೂ ಹೇಳಿಹೋಗಿರಲಿಲ್ಲ. ಹೀಗಾಗಿ ಜಾಲಿಯ ಟೊಂಗೆ, ಜೋಳದ ತೆನೆ, ಎಕ್ಕೆಯ ಹೂ ಒಂದೊಂದಾಗಿ ಒಳಗೆ ಬಂದವು. ಹಾಳುಬಿದ್ದ ಮನೆಯಲ್ಲಿ ಬೆಳೆಯುವ ಎಕ್ಕೆ ಕಂಡ ದಿನ ಮಾತ್ರ ಅತ್ತೆ ಊಟ ಬಿಟ್ಟರು.

ಪ್ರದರ್ಶನಕ್ಕೆ ಒಂದು ಸೇವಂತಿಗೆ ದಂಟು ಬೇಕಾಯಿತು. ಆಗ ತಿಳಿಯಿತು, ನಮ್ಮೂರಲ್ಲಿ ಹೂವಿಗೆ ದಂಟೇ ಇರುವುದಿಲ್ಲ! ನಮ್ಮಲ್ಲಿ ಹೂವೆಂದರೆ ಕುತ್ತಿಗೆಗೆ ಚಿವುಟಿದ್ದು, ದಾರಕ್ಕೋ ದೇವರ ತಲೆಗೋ ಹೋಗುವಂಥದ್ದು. ಮುದುಕಿಯನ್ನು ತಡೆದು ದಂಟು ಕೇಳಿದೆ. ಹಿಂದೆ ಆಗಿದ್ದರೆ ನನ್ನ ಏಳು ತಲೆಮಾರನ್ನು ಜಾಲಾಡುತ್ತಿದ್ದಳು. ಈಗ ನೆಲ ನೋಡುತ್ತ, "ಬರೂದಿಲ್ರಿ ಅಕ್ಕೋರ. ದಂಟು ಕೊಯ್ದ್ರ ನಾಳಿನ ಮೊಗ್ಗೂ ಹೋಗ್ತಾವ" ಅಂದಳು. ಅಂದು, ಒಂದು ಬೊಗಸೆ ಚೆಂಡು ಹೂ ನನ್ನ ಸೆರಗಿಗೆ ಸುರಿದಳು. ಪುಕ್ಕಟೆ! ನನ್ನ ಮೈಯೆಲ್ಲ ಉರಿಯಿತು. ಈ ಮುದುಕಿ ಪುಕ್ಕಟೆ ಕೊಡುತ್ತಾಳೆಂದರೆ ನಾನು ಅದೆಷ್ಟು ‘ಪಾಪ’ ಅನ್ನಿಸುವಂತೆ ಕಾಣುತ್ತಿರಬೇಕು?

ತಾವರಗೇರಾ ರಸ್ತೆಯ ಬದಿ, ಬಾವಿಯ ಪಕ್ಕದಲ್ಲಿ ಅವಳ ಸೇವಂತಿಗೆ ಸಾಲು. ಸಾಲೆ ಬಿಟ್ಟು ಬರುವಾಗ ಸುತ್ತ ಯಾರೂ ಇರಲಿಲ್ಲ. ಎರಡು ಹೂ, ಮೂರು ಮೊಗ್ಗಿನ ಒಂದು ದಂಟನ್ನು ಕತ್ತರಿಸಿ ಹಾಜರಿ ಪುಸ್ತಕದ ಮರೆಯಲ್ಲಿಟ್ಟುಕೊಂಡೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ದಾರಿಯಲ್ಲಿ ಎಮ್ಮೆಯೊಂದು ನೋಡಿದ್ದಕ್ಕೂ ಬೆವತೆ.

ಮರುದಿನ ಕೊಪ್ಪಳದಲ್ಲಿ ಸಭಾಂಗಣ ತುಂಬಿತ್ತು. ಗಂಗಾವತಿಯಿಂದ ಬಂದ ಶಿಕ್ಷಕಿ ಮರಳಿ ಎಂಬ ಊರ ಕಡೆಯ ಹಸಿರು ಭತ್ತದ ತೆನೆಯನ್ನು ಹೊರೆಗಟ್ಟಲೆ ತಂದಿದ್ದಳು. ಕಾಲುವೆ ನೀರಿನವರಿಗೆ ಮೂರು ದಂಟು ಎಂದರೆ ತಿಳಿಯುವುದಾದರೂ ಹೇಗೆ! ಜನ ಅವಳ ಮುಂದೆ ನಿಂತು ಆಹಾ ಎಂದರು. ನನ್ನ ಮುಂದೆ ನಿಂತು, "ಪಾಪ, ಹೂ ಸಾಲಲಿಲ್ಲೇನ್ರಿ?" ಎಂದು ಮರುಗಿದರು. ಒಣಗಿದ ಜಾಲಿಯ ಟೊಂಗೆ ಆಕಾಶ, ಕದ್ದ ಸೇವಂತಿಗೆ ಮನುಷ್ಯ, ಒಂದು ಸಜ್ಜೆ ತೆನೆ ಭೂಮಿ. ಬಾಯಿಯವರು ದೂರದಿಂದಲೇ ತಲೆದೂಗಿ ಮೆಚ್ಚಿದರು.

ಆಗ ಬಾಗಿಲಲ್ಲಿ ಮುದುಕಿ ಕಂಡಳು. ಅತಿಥಿಗಳಿಗೆ ಹಾರ ಕಟ್ಟಲು ಪ್ರತಿ ತಾಲ್ಲೂಕಿನ ಹೂಗಾರರನ್ನೂ ಕರೆಸಿದ್ದರಂತೆ, ಕುಷ್ಟಗಿಯಿಂದ ಅವಳನ್ನು. ನಾನು ಕಂಬದ ಮರೆಗೆ ಸರಿದೆ. ಅವಳು ಒಂದೊಂದೇ ಮೇಜು ನೋಡುತ್ತ ಬಂದು ನನ್ನದರ ಮುಂದೆ ನಿಂತಳು. ಬಗ್ಗಿದಳು. ಮೊಗ್ಗುಗಳನ್ನು ಬೆರಳಿಂದ ಮುಟ್ಟಿ ಎಣಿಸಿದಳು. ತನ್ನ ಗಿಡ ಅವಳಿಗೆ ಗೊತ್ತಾಗದೇ ಇರುತ್ತದೆಯೇ? ತಲೆಯೆತ್ತಿ, ಕಂಬದ ಮರೆಯಿಂದ ಇಣುಕುತ್ತಿದ್ದ ನನ್ನನ್ನು ಕಂಡು, ಎರಡು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನನ್ನ ಮುಖ ನೋಡಿದಳು.

"ಏ ಅಕ್ಕೋರ! ಸಾಲಿ ಕಲಿಸಾಕಿ ಆಗಿ ನನ್ನ ಗಿಡ ಕದೀತೀಯೇನ? ನಿಮ್ಮ ಜಪಾನದವ್ರು ಮೊದಲ ಕಳ್ಳತನ ಕಲಿಸ್ತಾರೇನ?"

ತೀರ್ಪುಗಾರರು ಬರೆಯುತ್ತಿದ್ದ ಪೆನ್ನನ್ನು ಕಿಸೆಗಿಟ್ಟರು. ನನ್ನ ಬಹುಮಾನ ಅಲ್ಲಿಗೆ ಮುಗಿಯಿತೆಂದು ತಿಳಿಯಿತು, ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದೆ.

"ಒಂದು ದಂಟಿಗೆ ಊರು ಕೂಡಿಸ್ತೀಯಲ್ಲ, ನಿನ್ನಿ ಮಾಲಿಗೆ ನೀರು ಚಿಮುಕಿಸಿ ಇವತ್ತಿಂದು ಅಂತ ಮಾರಿದ್ದು ಮರ್ತೇನ?" ಎಂದೆ.

"ಯಾರು, ನಾನ? ನಾಲಿಗಿ ಬಿದ್ದೀತು! ನೀ ಕೊಯ್ದಿದ್ದು ಹೂವಲ್ಲ, ನನ್ನ ಬರೂ ವಾರದ ಹೊಟ್ಟಿ!"

ಅದು ನಿಜವಾಗಿತ್ತು. ಮೂರು ಮೊಗ್ಗೂ ಅವಳ ಅನ್ನವೇ, ಅವಳ ಬೈಗುಳ ನ್ಯಾಯವೇ. ಬಾಯಿಯವರು ನಡುವೆ ಬಂದು, "ಬಿಡಮ್ಮಾ, ಪಾಪ, ಇವರು ಮೊದಲೇ..." ಎಂದು ಶುರು ಮಾಡಿದರು. ಮುದುಕಿ ಅವರನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, "ಪಾಪ ಅಂತ ಪಾಪ! ಹಾಡಹಗಲ ಕಳ್ಳಿ ಈಕಿ!" ಎಂದಳು.

ಅಷ್ಟರಲ್ಲಿ ನನ್ನ ಕಣ್ಣು ತುಂಬಿಬಿಟ್ಟವು. ಕಣ್ಣೀರು ಕಂಡರೆ ಕೆಲಸ ಕೆಡುತ್ತದೆ, ಮುದುಕಿ ಮತ್ತೆ ಮೆತ್ತಗಾಗಿ ನೆಲ ನೋಡಿಯಾಳು ಎಂದು ಹೆದರಿ, ಮುಖವನ್ನು ಸೇವಂತಿಗೆಯ ಕಡೆ ತಿರುಗಿಸಿಕೊಂಡು ಇನ್ನೂ ಜೋರಾಗಿ ಬೈದೆ. ಅವಳೂ ಬಿಡಲಿಲ್ಲ.