ಅಂಬಾಸಿಡರ್‌ಗೆ ಕೊಟ್ಟ ಜುಲಾಬು

ಬೇಸಿಗೆ ರಜೆಗೆ ಕಾನ್ವೆಂಟಿನ ಹಾಸ್ಟೆಲಿನಿಂದ ಮನೆಗೆ ಬಂದರೆ ಮರುದಿನವೇ ಅವ್ವ ಔಡಲೆಣ್ಣೆ ಕುಡಿಸುತ್ತಿದ್ದ ಕಾಲವದು. ಹತ್ತಿಮತ್ತೂರಿನ ನಮ್ಮ ಓಣಿಯಲ್ಲಿ ಯಾವ ಮಗುವಿಗೂ ಅದರಿಂದ ಬಿಡುಗಡೆ ಇರಲಿಲ್ಲ. ಮೂಗು ಹಿಡಿದು ಒಂದು ಗುಟುಕು, ಮೇಲೊಂದು ಬೆಲ್ಲದ ಚೂರು, ಮಧ್ಯಾಹ್ನದ ತನಕ ಹಿತ್ತಲಿಗೆ ಓಡಾಟ, ಸಂಜೆಗೆ ಮೆತ್ತಗಿನ ಅನ್ನ. ಹೊಟ್ಟೆ ತೊಳೆದರೆ ವರ್ಷದ ರೋಗ ಹೋಗುತ್ತದೆಂದು ದೊಡ್ಡವರ ನಂಬಿಕೆ. ನೀವೂ ಕುಡಿದಿರಬೇಕು. ಆ ಜಿಗುಟು ಅಷ್ಟು ಸುಲಭಕ್ಕೆ ಮರೆಯುವಂಥದ್ದಲ್ಲ.

ಆ ವರ್ಷ ಶಾಂತಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕಾಲು ಎಷ್ಟು ಬಾತಿದ್ದವೆಂದರೆ ಕಾಲುಂಗುರ ಚರ್ಮದೊಳಗೆ ಹೂತಿದ್ದವು. ಅವ್ವ ಸಾಬೂನು ಹಚ್ಚಿ ತಿರುವಿದಳು, ಬರಲಿಲ್ಲ. ಕೊನೆಗೆ ಅಕ್ಕಸಾಲಿಗನನ್ನು ಕರೆಸಿ ಕತ್ತರಿಸಿದರು. ಮುತ್ತೈದೆಯ ಬೆರಳು ಬರಿದಾಗಿರಬಾರದೆಂದು ಅವ್ವ ಅರಿಷಿಣದ ದಾರ ಸುತ್ತಿದಳು.

ಹುಬ್ಬಳ್ಳಿಯ ಡಾಕ್ಟರಮ್ಮ ಮೊದಲೇ ಹೇಳಿದ್ದರು, 'ಬಿಪಿ ಭಾಳ ಐತಿ. ಬ್ಯಾನಿ ಸುರು ಆದ ಕೂಡ್ಲೆ ಕರಕೊಂಡ ಬರ್ರಿ. ಮನ್ಯಾಗ ಹಡಸಬ್ಯಾಡ್ರಿ.' ಕರೆದರೆ ಆಂಬುಲೆನ್ಸ್ ಬರುವ ದಿನಗಳಲ್ಲ. ಇದ್ದದ್ದು ಅಪ್ಪನ ಹಳೆಯ ಅಂಬಾಸಿಡರ್ ಒಂದೇ. ಅದೋ, ಆಗ ನೀಲಿ ಹೊಗೆ ಕಾರುತ್ತಿತ್ತು.

ಸವಣೂರಿನಿಂದ ಮೌಲಾ ಕಾಕಾ ಬಂದರು. ಅಪ್ಪನ ಗಾಡಿಗೆ ಮೊದಲಿನಿಂದಲೂ ಅವರೇ ಮೇಸ್ತ್ರಿ. ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಿರುವಿ, ಬೆರಳು ಆಡಿಸಿ ಹೊರತೆಗೆದರು. ತಳ ಹಿಡಿದು ಸೀದ ಹೂರಣದಂತೆ ಕಪ್ಪು ಮುದ್ದೆ ಬೆರಳಿಗೆ ಅಂಟಿತ್ತು.

'ಸಾವ್ಕಾರ್ರ, ಇದು ಎಣ್ಣಿ ಅಲ್ರಿ, ರಾಡಿ. ಎಣ್ಣಿ ನಿಲ್ಲೂ ಚೇಂಬರ್ ಕೆಳಗ ಇಳಿಸಿ ಕೈಲೆ ಕೆರೀಬೇಕು. ಎರಡ್ಮೂರು ದಿನ ಗಾಡಿ ಬಿಚ್ಚಿಕೊಂಡ ಬಿದ್ದಿರತೈತಿ.'

'ಅಷ್ಟರಾಗ ಮಗಳಿಗೆ ಬ್ಯಾನಿ ಬಂದ್ರ? ನಿನ್ನ ಸೈಕಲ್ ಮ್ಯಾಲೆ ಕುಂದರಿಸ್ಕೊಂಡ ಹೋಗ್ತೀ ಏನು?'

ಕಾಕಾ ನಗಲಿಲ್ಲ. 'ಇಲ್ಲಂದ್ರ ಡೀಸೆಲ್ ಕುಡಸೂದು. ಹಳೇ ಎಣ್ಣಿ ಜೋಡಿ ಹಾಕಿ, ತುಸು ಹೊತ್ತು ಚಾಲೂ ಇಟ್ಟು ಎಲ್ಲಾ ಇಳಿಸಿಬಿಡೂದು. ಆದ್ರ ಹಳೇ ಗಾಡಿ ನೋಡ್ರಿ, ಹೊಲಸು ಎದ್ದು ಎಲ್ಲ್ಯಾರ ಹೋಗಿ ಕುಂದರತೈತಿ.'

'ಜುಲಾಬು ಅನ್ನು! ಕೊಡು, ಕೊಡು. ಒಂದ ದಿನದಾಗ ಮುಗೀತು.'

ಅವ್ವ ಅಡುಗೆಮನೆಯಿಂದಲೇ ಕೂಗಿದಳು, 'ಮುದುಕರಿಗೆ ಯಾರಾರ ಜುಲಾಬು ಕೊಡ್ತಾರೇನ್ರಿ? ಕೂಸು ಬರೂತನಕ ಹಂಗ ಇರ್ಲಿ ಬಿಡ್ರಿ.'

'ನೀ ನಿನ್ನ ಶಾವಿಗಿ ನೋಡ,' ಎಂದು ಅಪ್ಪ ನಕ್ಕ.

ಹೊಗೆ ತಾಗದಿರಲೆಂದು ಶಾವಿಗೆ ಒಣಹಾಕಿದ ಹೊರಸನ್ನು ನಾವು ಮಕ್ಕಳು ಹೊತ್ತು ಮಾಳಿಗೆ ಮೇಲಿಟ್ಟೆವು. ಡೀಸೆಲ್ ಕುಡಿದ ಇಂಜಿನ್ ಕೆಮ್ಮಿತು, ನಡುಗಿತು, ಆಮೇಲೆ ಹದಕ್ಕೆ ಬಂತು. ಕೆಳಗಿನ ಬೋಲ್ಟ್ ಬಿಚ್ಚಿದಾಗ ತಗಡಿನ ಬುಟ್ಟಿಗೆ ಕಪ್ಪು ನೀರು ಸುರಿಯಿತು. ಔಡಲೆಣ್ಣೆಯ ದಿನ ನೆನಪಾಗಿ ನಾವು ಕಿಸಿಕಿಸಿ ನಕ್ಕೆವು. ಕಾಕಾ ಮಾತ್ರ ಅದನ್ನು ಬೆರಳಲ್ಲಿ ತಿಕ್ಕಿ ನೋಡುತ್ತಲೇ ಇದ್ದರು. 'ಇಷ್ಟ ಬಂತೇನು? ಉಳಿದ ರಾಡಿ ಎಲ್ಲೈತಿ?' ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಜೇನಿನ ಬಣ್ಣದ ಹೊಸ ಎಣ್ಣೆ ಒಳಗೆ ಹೋಯಿತು. ಅಪ್ಪ ನಮ್ಮನ್ನು ಕೂರಿಸಿಕೊಂಡು ಊರು ಸುತ್ತಿಸಿದ. ಗಾಡಿ ಸದ್ದೇ ಇಲ್ಲದಂತೆ ಓಡಿತು. ಆ ಹಗುರಾದ ಸದ್ದು ಕೇಳಿ ಕಟ್ಟೆಯ ಮೇಲೆ ಕುಳಿತ ಶಾಂತಕ್ಕನೂ ನಕ್ಕಳು.

ಕೆಲವು ದಿನ ಕಳೆದು, ಉರಿಬಿಸಿಲ ಹೊತ್ತಿಗೆ, ಅವಳಿಗೆ ಬೇನೆ ಬಂತು. ಅವಳು ನನ್ನ ಕೈ ಬಿಡಲಿಲ್ಲವಾದ್ದರಿಂದ ನನ್ನನ್ನೂ ಹತ್ತಿಸಿಕೊಂಡರು. ಸವಣೂರು ದಾಟಿತು. ಶಿಗ್ಗಾವಿ ರಸ್ತೆಯಲ್ಲಿ ಅಪ್ಪನ ಮುಂದೆ ಎಣ್ಣೆಯ ಎಚ್ಚರಿಕೆಯ ಕೆಂಪು ದೀಪ ಮಿನುಗಿತು, ಆರಿತು, ಮತ್ತೆ ಹೊತ್ತಿಕೊಂಡಿತು.

'ಅಪ್ಪಾ, ಅದೇನದು ಕೆಂಪಗ?' ಶಾಂತಕ್ಕ ಹಲ್ಲು ಕಚ್ಚಿಕೊಂಡೇ ಕೇಳಿದಳು.

'ಏನಿಲ್ಲ ತಂಗಿ. ನೀ ಕಣ್ಣು ಮುಚ್ಚು.'

ಎಲ್ಲೋ ಒಳಗೆ ಒರಳಿನಲ್ಲಿ ಕುಟ್ಟಿದಂತೆ ಸದ್ದು ಸುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಕಾಲಡಿಯ ತಗಡು ನಡುಗುವ ಹಾಗೆ. ಅವ್ವ ಅಂದಳು, 'ನಿಲ್ಲಸ್ರಿ.'

'ನಿಲ್ಲಿಸಿದ್ರ ಮತ್ತ ಚಾಲೂ ಆಗೂದಿಲ್ಲ. ಇಂಜಿನ್ ಸಾಯ್ಲಿ, ಶಿಗ್ಗಾವಿ ಮುಟ್ಟಲಿ.'

ಮುಟ್ಟಲಿಲ್ಲ. ಕಬ್ಬಿಣ ಕಬ್ಬಿಣವನ್ನು ಕಚ್ಚಿದಂತೆ ಒಂದು ಸದ್ದು, ಆಮೇಲೆ ಏನೂ ಇಲ್ಲ. ಬಯಲ ಗಾಳಿ, ಸುಟ್ಟ ಎಣ್ಣೆಯ ವಾಸನೆ, ಅಕ್ಕನ ಉಸಿರು. ಅಪ್ಪ ರಸ್ತೆಯ ನಡುವೆ ನಿಂತು ಟವೆಲ್ ಬೀಸುತ್ತಿದ್ದ. ಬಿಸಿಲು ಕುಣಿಯುವ ಆ ಡಾಂಬರಿನ ಮೇಲೆ ಯಾರೂ ಬರುತ್ತಿರಲಿಲ್ಲ. ಅವ್ವ ಅಕ್ಕನ ಕಾಲ ಬೆರಳಿನ ದಾರವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಹಾನಗಲ್ಲಿನ ಮಾವಿನಹಣ್ಣಿನ ಟೆಂಪೊ ಬಂತು. ಬುಟ್ಟಿಗಳನ್ನು ಕೆಳಗಿಳಿಸಿ, ಹುಲ್ಲಿನ ಮೇಲೆ ಅಕ್ಕನನ್ನು ಮಲಗಿಸಿದರು. ಹುಬ್ಬಳ್ಳಿಯ ಮಾತು ಅಲ್ಲಿಗೇ ಮುಗಿಯಿತು. ಶಿಗ್ಗಾವಿಯ ದವಾಖಾನೆಯಲ್ಲೇ ಹೆರಿಗೆ. ಅಕ್ಕ ಉಳಿದಳು. ಗಂಡು ಕೂಸು ಅಳಲೇ ಇಲ್ಲ.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಕಾಕಾ ಈಗ ಚೇಂಬರ್ ಇಳಿಸಿದರು. ಎಣ್ಣೆ ಹೀರುವ ಜಾಳಿಗೆಯ ಒಂದು ಕಣ್ಣೂ ಕಾಣುತ್ತಿರಲಿಲ್ಲ. ಎದ್ದ ರಾಡಿಯೆಲ್ಲ ಅಲ್ಲಿ ಬಂದು ಸಗಣಿ ಸಾರಿಸಿದಂತೆ ಮೆತ್ತಿಕೊಂಡಿತ್ತು.

'ಎಣ್ಣಿ ಮ್ಯಾಲೆ ಹೋಗಿಲ್ಲ, ಇಂಜಿನ್ ಉಸಿರು ಕಟ್ಟೈತ್ರಿ. ನಾ ಅವತ್ತ ಗಟ್ಟಿಯಾಗಿ ಬ್ಯಾಡ ಅನ್ನಬೇಕಿತ್ತು,' ಎಂದರು ಕಾಕಾ.

'ಕೊಡು ಅಂದಾಂವ ನಾನು, ಮೌಲಾ,' ಎಂದ ಅಪ್ಪ. ಕಾಕಾ ಆಮೇಲೆ ನಮ್ಮ ಮನೆ ಕಡೆ ಬರುವುದೇ ನಿಂತಿತು.

ಈಗ ನಮ್ಮ ಕಾರನ್ನು ಶೋರೂಮಿನವರು ಒಯ್ದು, ಎಣ್ಣೆ ಬದಲಿಸಿ, ತೊಳೆದು ತಂದು ನಿಲ್ಲಿಸುತ್ತಾರೆ. ಒಳಗಿನ ಕಪ್ಪನ್ನು ನಾನು ನೋಡುವುದೇ ಇಲ್ಲ. ಔಡಲೆಣ್ಣೆಯೂ ಹೋಯಿತು, ಹೋಗಲಿ. ಶಾಂತಕ್ಕನ ಮುಂದಿನ ಎರಡೂ ಬಾಣಂತನ ಗಂಡನ ಮನೆಯಲ್ಲೇ ಆದವು. ನನ್ನ ಚೊಚ್ಚಲಿಗೆ ಅವ್ವ ಬಸುರಿಗೆ ಉಡಿಸುವ ಕುಬಸದ ಹಸಿರು ಸೀರೆ ಹಿಡಿದು ಒಬ್ಬಳೇ ಹುಬ್ಬಳ್ಳಿಯ ನನ್ನ ಗಂಡನ ಮನೆಗೆ ಬಂದಳು. ಅಪ್ಪ ಫೋನಿನಲ್ಲಿ ಇಷ್ಟೇ ಅಂದ, 'ನಿಮ್ಮಲ್ಲಿ ದವಾಖಾನಿ ಹತ್ರ ಐತಿ. ಅಲ್ಲೇ ಇರವ್ವ.' ತವರಿಗೆ ಬಾ ಅನ್ನುವ ಮಾತು ನಮ್ಮ ಮನೆಯಿಂದ ಹೋಗಿಬಿಟ್ಟಿತ್ತು.

ಮಗಳು ಹುಟ್ಟಿದ ಮೇಲೆ ಅಪ್ಪ ಬಸ್ಸಿನಲ್ಲಿ ಬಂದ. ಕೈಕಾಲು ತೊಳೆದು ಬಾಗಿಲಲ್ಲೇ ನಿಂತ.

'ಎತ್ಕೊಳ್ಳಪ್ಪಾ,' ಎಂದೆ.

'ಇರ್ಲಿ, ನೀನ ಹಿಡಿ,' ಎಂದ. 'ನಾ ಇಲ್ಲಿಂದನ ನೋಡ್ತೇನಿ.'