ಹಡಗಿನ ಪಂಪು, ಬಾವಿಯ ಪಂಪು

ನನ್ನ ಕಾಕಾನ ಮಗ ಸರಕು ಹಡಗಿನಲ್ಲಿ ಕೆಲಸಕ್ಕಿದ್ದಾನೆ. ಹಡಗು ಓಡಿಸುವ ದೊಡ್ಡ ಎಂಜಿನ್ ಅವನ ಪಾಲಿನದಲ್ಲ. ತಳದಲ್ಲಿ ನಿಂತ ಕೊಳೆನೀರು ಎತ್ತುವ ಪಂಪು, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ, ದೀಪಕ್ಕೆ ಕರೆಂಟು ಕೊಡುವ ಜನರೇಟರು, ಇಂಥವನ್ನು ನೋಡಿಕೊಳ್ಳುತ್ತಾನೆ. ಕೇಳಿದವರಿಗೆಲ್ಲ ನಾನು ಇದನ್ನು ಒತ್ತಿ ಹೇಳುತ್ತಿದ್ದೆ. ಹೊಟ್ಟೆಕಿಚ್ಚು ಎನ್ನಿ, ಇಲ್ಲವೆನ್ನುವುದಿಲ್ಲ. ಹುಣಸಗಿಯ ನನ್ನ ಮೋಟಾರು ರಿಪೇರಿ ಅಂಗಡಿಯಲ್ಲಿ ನಟ್ಟು ಬಿಚ್ಚುವುದನ್ನು ಅವನಿಗೆ ಕಲಿಸಿದವನೇ ನಾನು.

ಹೋದ ವರ್ಷ ರಜೆಗೆ ಬಂದವನು ಸುರಪುರದ ಚಹಾ ಅಂಗಡಿಯಲ್ಲಿ ಮೊಬೈಲಿನ ಫೋಟೋ ತೋರಿಸಿದ. ಸಾಲು ಸಾಲು ಹಸಿರು ಪಂಪುಗಳು, ಊಟ ಮಾಡುವಷ್ಟು ಸ್ವಚ್ಛ ನೆಲ. "ಇವು ನಿಂತ್ರ ದೊಡ್ಡ ಎಂಜಿನ್ನೂ ನಿಲ್ತದ ಅಣ್ಣಾ," ಎಂದ. ನನ್ನ ಅಂಗಡಿಯ ತುಕ್ಕು ಹಿಡಿದ ಮೋಟಾರುಗಳು ನೆನಪಾಗಿ ಚಹಾ ರುಚಿಸಲಿಲ್ಲ.

ಅದೇ ವಾರ ದೇವಾಪುರದ ಹೊಲದಲ್ಲಿ ಕಾಕಾನ ಪಂಪು ನೀರು ಎತ್ತದೆ ನಿಂತಿತು. ಇಪ್ಪತ್ತು ವರ್ಷದಿಂದ ಆ ಪಂಪು ಸ್ವಲ್ಪ ಸದ್ದು ಬದಲಿಸಿದರೂ ನನಗೆ ಕರೆ ಬರುತ್ತಿತ್ತು. ಈ ಸಲ ಬರಲಿಲ್ಲ. ಸುದ್ದಿ ತಿಳಿದು ನಾನೇ ಬೈಕು ಹತ್ತಿ ಹೋದೆ.

"ನಿನಗ್ಯಾಕ ತ್ರಾಸಂತ ಹೇಳಲಿಲ್ಲಪ್ಪ," ಎಂದ ಕಾಕಾ. "ಹಡಗದಾಗಿನ ಮಷಿನ್ ನೋಡಾಂವ ಮನ್ಯಾಗ ಅದಾನ. ಈ ಪಂಪು ಅವಗ ಯಾವ ಲೆಕ್ಕ."

ಅಕ್ಕಪಕ್ಕದ ಹೊಲದವರೂ ನೆರೆದು, ನನ್ನ ಕೈಯಲ್ಲಿ ಕಲಿತವನು ನಟ್ಟು ಬಿಚ್ಚುವ ಪಾನಾ ಹಿಡಿಯುವ ಚೆಂದ ನೋಡುತ್ತಿದ್ದರು. ಅವನು ಪಂಪಿಗೆ ನೀರು ತುಂಬಿಸಿದ. ನೀರು ಬಾವಿಗೆ ಇಳಿದುಹೋಯಿತು. ಮತ್ತೆ ತುಂಬಿಸಿದ, ಮತ್ತೆ ಇಳಿಯಿತು. ರೋಗ ನನಗೆ ನಿಂತಲ್ಲೇ ತಿಳಿಯಿತು. ಬಾವಿಯೊಳಗೆ ಕೊಳವೆಯ ತುದಿಯಲ್ಲಿ ನೀರು ಹಿಡಿದಿಡುವ ವಾಲ್ವು ಸೋರುತ್ತಿತ್ತು. ಒಂದು ಬಕೆಟ್ ಸಗಣಿ ನೀರು ಕಲಸಿ ಸುರಿದರೆ ಸಂದಿ ಮುಚ್ಚಿ ಅವತ್ತಿನ ಕೆಲಸ ಸಾಗುತ್ತದೆ. ನಮ್ಮ ಕಡೆ ಇದು ಹಳೇ ರೂಢಿ.

ಅವನು ಸೋಲಲಿ, ಎಲ್ಲರೆದುರು ನನ್ನನ್ನೇ ಕರೆಯಲಿ ಎಂದು ಕಾದೆ. "ಏನಾಗ್ಯಾದೋ ಇದಕ್ಕ?" ಎಂದು ಕಾಕಾ ನನ್ನತ್ತ ತಿರುಗಿದಾಗ, "ತಿಳೀವಲ್ದು ಕಾಕಾ," ಎಂದು ಏನೂ ಗೊತ್ತಿಲ್ಲದವನಂತೆ ಅಂದೆ.

ಕಾಕಾನ ಮಗ ಎತ್ತು ಕಟ್ಟಿದ ಜಾಗಕ್ಕೆ ಹೋಗಿ ಬಕೆಟ್ಟಿನಲ್ಲಿ ಸಗಣಿ ತಂದ. ನೀರಲ್ಲಿ ಕಲಸಿ ಪಂಪಿಗೆ ಸುರಿದು ಮೋಟಾರು ಹಾಕಿದ. ನೀರು ಧೋ ಎಂದು ಬಂತು. ನನ್ನ ಮುಖ ಹುಳ್ಳಗಾಯಿತು.

"ಹಡಗದಾಗೂ ಇಂಥಾದ್ದ ಮಾಡೀನಿ," ಎಂದು ಅವನು ನೆರೆದವರಿಗೆ ಹೇಳಿದ. "ನಡು ಸಮುದ್ರದಾಗ ಉಗಿ ತಣಸೋ ಪೈಪು ತೂತು ಬಿದ್ದು ಉಪ್ಪುನೀರು ಒಳಗ ಬರಾಕತ್ತಿತ್ತು. ಬಂದರು ಇನ್ನಾ ದೂರ. ಅಲ್ಲಿ ಸಗಣಿ ಎಲ್ಲಿಂದ ತರ್ಲಿ? ಉಪ್ಪುನೀರಿನ ಜೋಡಿ ಕಟ್ಟಿಗಿ ಹೊಟ್ಟು ಬಿಟ್ಟೆ, ತೂತು ಮುಚ್ಚಿತು. ಇದನ್ನ ಯಾರು ಕಲಿಸ್ಯಾರ ಅಂತ ನಮ್ಮ ಸಾಹೇಬ ಕೇಳಿದ. ನಮ್ಮಣ್ಣ ಅಂದೆ, ಊರಾಗ ಸಗಣಿ ನೀರು ಹಾಕಿ ತೋರ್ಸಿದ್ದ." ಹೇಳಿ ನನ್ನತ್ತ ಕೈ ಮಾಡಿದ.

ಎಲ್ಲರೂ ನನ್ನತ್ತ ತಿರುಗಿದರು. ಇಷ್ಟು ಹೊತ್ತು ನಾನು ಹಾತೊರೆದದ್ದು ಇದಕ್ಕೇ. ಕಾಕಾ ಮಾತ್ರ ನಗಲಿಲ್ಲ. ಹತ್ತಿರ ಬಂದು, ನನಗಷ್ಟೇ ಕೇಳುವಂತೆ, "ತಿಳೀವಲ್ದು ಅಂದೆಲ್ಲೋ," ಎಂದ.